ಅಜ್ಜಿ ಎತ್ತಿಟ್ಟ ಬಿಳಿ ಬಟ್ಟೆ

ಬಹಳ ಹಿಂದೆ, ಸಮುದ್ರಕ್ಕೆ ಇನ್ನೂ ಯಾರೂ ಅಂಚು ಹೊಲಿದಿರದ ಕಾಲದಲ್ಲಿ, ಒಬ್ಬ ರಾಜನಿದ್ದನಂತೆ. ಅವನಿಗೆ ಎಲ್ಲವೂ ಇತ್ತು, ನಿದ್ದೆಯೊಂದನ್ನು ಬಿಟ್ಟು. ಯಾಕೆಂದರೆ ಸಮುದ್ರ ಹೊತ್ತುಗೊತ್ತಿಲ್ಲದೆ ಅರಮನೆಗೆ ಬರುತ್ತಿತ್ತು. ಒಂದು ದಿನ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೇಲಿಸಿ ಆಟವಾಡಿ ಹೋಗುತ್ತಿತ್ತು, ಇನ್ನೊಂದು ದಿನ ರಾಣಿಯ ಒಂದೇ ಒಂದು ಚಪ್ಪಲಿಯನ್ನು ಹೊತ್ತುಕೊಂಡು ಹೋಗುತ್ತಿತ್ತು. ಎರಡನ್ನೂ ಒಯ್ದಿದ್ದರೆ ರಾಣಿ ಸುಮ್ಮನಿರುತ್ತಿದ್ದಳು. ಒಂದನ್ನೇ ಒಯ್ದದ್ದಕ್ಕೆ ಅವಳಿಗೆ ಸಿಟ್ಟು. ರಾಜ ಮಂತ್ರಿಯನ್ನು ಕರೆದು, "ಹೋಗಿ ಸಮುದ್ರಕ್ಕೆ ಒಂದು ಗೆರೆ ಎಳೆದು ಬಾ" ಎಂದ. ಮಂತ್ರಿ ಅರಮನೆಯ ಮಹಡಿಯ ಮೇಲೆ ನಿಂತು, ಕೈಯನ್ನು ಗಾಳಿಯಲ್ಲಿ ಬೀಸಿ ಗೆರೆ ಎಳೆದ. ಸಮುದ್ರ ನಕ್ಕು ಅಳಿಸಿತು. ಸೇನಾಪತಿ ಕುದುರೆಯ ಮೇಲೆ ಕೂತು, ಉದ್ದನೆಯ ಈಟಿಯಿಂದ ಮರಳಿನಲ್ಲಿ ಗೆರೆ ಎಳೆದ. ಸಮುದ್ರ ಇನ್ನೂ ಜೋರಾಗಿ ನಕ್ಕು ಅದನ್ನೂ ಅಳಿಸಿತು. ಕೊನೆಗೆ ಪಾತ್ರೆ ತೊಳೆಯುವ ಹುಡುಗಿಯೊಬ್ಬಳು ನೀರಿಗೇ ಇಳಿದು, ಕಾಲು ನೆನೆಸಿಕೊಂಡು ನಿಂತು, "ನೀನು ಎಲ್ಲೀವರೆಗೆ ಬರ್ತೀಯಪ್ಪ?" ಎಂದು ನೆಟ್ಟಗೆ ಕೇಳಿದಳು.

ಸಮುದ್ರವನ್ನು ಆವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅದು ಸ್ವಲ್ಪ ನಾಚಿಕೊಂಡು, "ಇವತ್ತಿಗೆ ಇಲ್ಲೀವರೆಗೆ" ಎಂದಿತು. ಹುಡುಗಿ ಅಲ್ಲೇ ಗೆರೆ ಎಳೆದಳು. ಸಮುದ್ರ ಅದನ್ನು ಅಳಿಸಲಿಲ್ಲ. ಹೋಗುವಾಗ ಮಾತ್ರ ಒಂದು ಮಾತು ಹೇಳಿತು: "ನಾನು ಮಾತಿಗೆ ತಪ್ಪೋದಿಲ್ಲ. ಆದ್ರೆ ನೀವು ಆಗಾಗ ಬಂದು ಕೇಳ್ತಾ ಇರಬೇಕು. ಕಾಲು ಒಣಗಿಸಿಕೊಂಡು ದೂರದಿಂದ ಎಳೆದ ಗೆರೆ ನನ್ನದಲ್ಲ."

ಈ ಕತೆಯನ್ನು ಗುಬ್ಬಿಗೆ ಹೇಳಿದ್ದು ಅವಳ ಅಜ್ಜಿ, ಅಂದರೆ ಅಪ್ಪನ ತಾಯಿ. ಒಂದು ಸಲವಲ್ಲ, ತಲೆ ಬಾಚುವಾಗಲೆಲ್ಲ. ಸಿಕ್ಕು ಜಾಸ್ತಿ ಇದ್ದ ದಿನ ಸೇನಾಪತಿಯ ಕುದುರೆಗೆ ಹೆಸರು, ಬಣ್ಣ, ಅಭ್ಯಾಸಗಳೆಲ್ಲ ಸೇರಿ ಕತೆ ಉದ್ದವಾಗುತ್ತಿತ್ತು. ತಾಯಿಯಿಲ್ಲದ ಹುಡುಗಿ, ಅಜ್ಜಿಯ ಮೊಣಕಾಲುಗಳ ನಡುವೆ ಕೂತು ಕತೆ ನುಂಗುತ್ತಲೇ ಬೆಳೆದಳು. ಗುಬ್ಬಿ ಎಂಬುದು ಅಜ್ಜಿ ಇಟ್ಟ ಅಡ್ಡಹೆಸರು. ಶಾಲೆಯ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಕಡಲತೀರದ ನಕ್ಷೆ ಮಾಡುವ ಸರ್ಕಾರಿ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದಾಗ ಅಪ್ಪ ದೋಣಿಯೊಂದರ ಹೊಟ್ಟೆಯ ಕೆಳಗೆ ಮಲಗಿ ಬಿರುಕಿಗೆ ನಾರು ತುರುಕುತ್ತಿದ್ದ. "ಸರ್ಕಾರಿ ಕೆಲ್ಸ ಅಂದ್ರೆ ಸರಿ" ಎಂದಷ್ಟೇ ದೋಣಿಯ ಕೆಳಗಿಂದ ಕೇಳಿಸಿತು. ಅಜ್ಜಿ ಮಾತ್ರ ಅವಳ ಕೈ ಹಿಡಿದು, "ನಮ್ಮ ಓಣಿ ಮುಂದಿನ ಗೆರೇನ ಯಾರೋ ಎಳೆಯೋದು ಬೇಡ. ನೀನೇ ಎಳೀಬೇಕು. ಕಾಲು ನೆನೆಸಿಕೊಂಡೇ ಎಳೀಬೇಕು" ಎಂದಳು.

"ಆಯ್ತು ಅಜ್ಜಿ."

"ಆಯ್ತು ಅಂದ್ರೆ ಆಗಲ್ಲ. ಮಾತು ಕೊಡು."

ಗುಬ್ಬಿ ನಗುತ್ತಲೇ ಮಾತು ಕೊಟ್ಟಳು. ಆಗ ಅದು ಭಾರವೆನಿಸಿರಲಿಲ್ಲ.

ಕಚೇರಿ ಇದ್ದದ್ದು ಅರ್ಧ ದಿನದ ಬಸ್ ಪ್ರಯಾಣದಷ್ಟು ದೂರದ ಪಟ್ಟಣದಲ್ಲಿ. ಸಮುದ್ರದ ನಕ್ಷೆ ಮಾಡುವ ಆ ಕಟ್ಟಡದ ಯಾವ ಕಿಟಕಿಯಿಂದಲೂ ಸಮುದ್ರ ಕಾಣುತ್ತಿರಲಿಲ್ಲ. ಒಂದು ಕಿಟಕಿಯಿಂದ ಬಸ್ ಡಿಪೋ, ಇನ್ನೊಂದರಿಂದ ಯಾರದೋ ಮಹಡಿಯ ನೀರಿನ ಟ್ಯಾಂಕು. ಒಳಗೆ ಸಾಲಾಗಿ ಗಾಜಿನ ಮೇಜುಗಳು, ಅವುಗಳ ಹೊಟ್ಟೆಯಲ್ಲಿ ದೀಪ. ವಿಮಾನದಿಂದ ತೆಗೆದ ಎರಡೆರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಜೋಡಿಗಾಜಿನ ಯಂತ್ರದೊಳಗೆ ಕಣ್ಣಿಟ್ಟರೆ ಮೊದಲು ತಲೆ ತಿರುಗುತ್ತದೆ. ಆಮೇಲೆ ಎರಡು ಚಿತ್ರಗಳೂ ಒಂದರೊಳಗೊಂದು ಜಾರಿ, ಚಪ್ಪಟೆಯಾಗಿದ್ದದ್ದು ಎದ್ದು ನಿಲ್ಲುತ್ತದೆ. ಮನೆಗಳಿಗೆ ಎತ್ತರ ಬರುತ್ತದೆ, ಮರಗಳು ಉಬ್ಬುತ್ತವೆ, ಮರಳು ನೀರಿನತ್ತ ಇಳಿಯುತ್ತದೆ. ಗುಬ್ಬಿಗೆ ಅದು ಪ್ರತಿ ಸಲವೂ ಕತೆಯೊಳಗೆ ಇಳಿದಂತೆ. ಹಾಗೆ ಇಳಿದು, ಭರತದ, ಅಂದರೆ ಉಬ್ಬರದ, ನೀರು ತಲುಪುವ ಕೊನೆಯ ಅಂಚನ್ನು ಹಿಡಿದು, ತೆಳುವಾದ ಪಾರದರ್ಶಕ ಹಾಳೆಯ ಮೇಲೆ ಕಪ್ಪು ಗೆರೆ ಎಳೆಯುವುದು ಅವಳ ಕೆಲಸ. ಅವಳ ಕಪ್ಪು ಗೆರೆಯಿಂದ ಇಂತಿಷ್ಟು ದೂರ ಎಂದು ಅಳೆದು, ಪಕ್ಕದ ವಿಭಾಗದವರು ಕೆಂಪು ಗೆರೆ ಎಳೆಯುತ್ತಾರೆ. ಕೆಂಪು ಗೆರೆಗಿಂತ ಸಮುದ್ರದ ಕಡೆ ಬಿದ್ದ ಮನೆಯವರಿಗೆ ಸರ್ಕಾರ ಮೇಲಿನ ನೆಲದಲ್ಲಿ ಮನೆ ಕೊಟ್ಟು, ಇಲ್ಲಿಯದನ್ನು ಕೆಡವಬೇಕು. ಕಪ್ಪು ಸರಿದಷ್ಟೂ ಕೆಂಪು ಸರಿಯುತ್ತದೆ.

ಓಣಿಯ ಹಾಳೆ ಅವಳ ಮೇಜಿಗೇ ಬಂದಿತು. ಗುಬ್ಬಿ ಉಸಿರು ಬಿಗಿಹಿಡಿದು ಗೆರೆ ಎಳೆದಳು. ಎಳೆದು, ಹಿಂದಿನ ಸಲದ ನಕ್ಷೆಯ ಮೇಲೆ ಇಟ್ಟು ನೋಡಿದರೆ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಸಮುದ್ರ ಕದಲಿಯೇ ಇರಲಿಲ್ಲ. ಕೆಂಪು ಗೆರೆ ಅಪ್ಪನ ದೋಣಿ ಶೆಡ್ಡಿನ ಮೂಲೆಯನ್ನು ಮುಟ್ಟಿಯೂ ಮುಟ್ಟದಂತೆ ಹಾದುಹೋಗಿತ್ತು. ಓಣಿ ಉಳಿದಿತ್ತು.

ಪಕ್ಕದ ಮೇಜಿನ ಗಣಿತದಕ್ಕ, "ಏನೇ, ಲಾಟರಿ ಹೊಡೀತಾ? ಹಲ್ಲು ಕಾಣಿಸ್ತಾ ಇದೆ" ಎಂದಳು. ನೆಲದ ಮೇಲಿನ ಗುರುತುಗಳಿಗೆ ಚಿತ್ರಗಳನ್ನು ಲೆಕ್ಕ ಹಾಕಿ ಕೂರಿಸುವವಳು ಅವಳು. ಮನೆಯಲ್ಲಿ ಗಂಡನಿಗೆ ತರಕಾರಿ ಚೀಟಿ ಕೊಡುವಾಗಲೂ ದಶಮಾಂಶ ಬಳಸುತ್ತಾಳೆಂದು ಕಚೇರಿಯಲ್ಲಿ ತಮಾಷೆ.

"ನಮ್ಮ ಮನೆ ಉಳೀತು ಅಕ್ಕ."

"ಸಹಿ ಬೀಳೋವರೆಗೆ ಯಾರ ಮುಂದೂ ಬಾಯಿ ಬಿಡಬೇಡ."

ಆದರೆ ಗುಬ್ಬಿ ಅಷ್ಟರಲ್ಲಿ ಮನೆಗೆ ಫೋನ್ ಮಾಡಿಯಾಗಿತ್ತು.

ಸಹಿಗೆ ಹಾಳೆ ಕಳಿಸುವ ಮುನ್ನ ಇನ್ನೊಮ್ಮೆ ಚಿತ್ರದ ಮೇಲೆ ಕಣ್ಣಾಡಿಸುವುದು ರೂಢಿ. ಅಜ್ಜಿಗೆ ವರ್ಣಿಸಿ ಹೇಳಬೇಕೆಂದು ಗುಬ್ಬಿ ಈ ಸಲ ನೀರಿನಂಚನ್ನು ಬಿಟ್ಟು ಓಣಿಯೊಳಗೆ ನುಗ್ಗಿದಳು. ಶೆಡ್ಡಿನ ತಗಡು ಸಿಕ್ಕಿತು. ಮನೆ ಸಿಕ್ಕಿತು. ಮನೆಯ ಹಿಂದೆ ಒಂದು ಕಪ್ಪು ಚುಕ್ಕೆ: ಅಪ್ಪನ ಡಾಂಬರಿನ ಡ್ರಮ್ಮು. ಅವಳಿಗೆ ಅಳು ಬರುವಷ್ಟು ಖುಷಿಯಾಯಿತು. ಡ್ರಮ್ಮಿನ ಪಕ್ಕದಲ್ಲಿ ಅಜ್ಜಿ ಬಟ್ಟೆ ಒಣಹಾಕುವ ಸಿಮೆಂಟಿನ ಕಟ್ಟೆ. ಕಟ್ಟೆಯ ಮೇಲೆ, ಅಚ್ಚುಕಟ್ಟಾಗಿ, ಬೆಳ್ಳಗೆ, ಒಂದು ಪ್ಲಸ್ಸು.

ಅವಳು ಜೋಡಿಗಾಜಿನಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟಳು.

ವಿಮಾನ ಹಾರುವ ದಿನ ನೆಲದ ತಂಡದವರು ಗೊತ್ತಾದ ಜಾಗಗಳಲ್ಲಿ ಉದ್ದನೆಯ ಬಿಳಿ ಬಟ್ಟೆಗಳನ್ನು ಕೂಡಿಸುವ ಚಿಹ್ನೆಯಂತೆ ಹಾಸಿ ಹೋಗುತ್ತಾರೆ. ಓಣಿಯ ಮುಂದೆ ಆ ಜಾಗವೆಂದರೆ ಬಂಡೆಯ ಮೇಲೆ ಬಡಿದ ಹಿತ್ತಾಳೆಯ ಮೊಳೆ. ಮೊಳೆ ಭೂಮಿಯ ಮೇಲೆ ಎಲ್ಲಿದೆ ಎಂಬುದು ಕಚೇರಿಗೆ ಕೂದಲೆಳೆಯಷ್ಟೂ ತಪ್ಪಿಲ್ಲದೆ ಗೊತ್ತು. ಬಿಳಿ ಪ್ಲಸ್ಸು ಕಂಡಲ್ಲಿ ಮೊಳೆ ಇದೆ ಎಂದು ನಂಬಿಯೇ ಇಡೀ ಚಿತ್ರವನ್ನು ನಕ್ಷೆಯ ಮೇಲೆ ಕೂರಿಸುವುದು. ಆದರೆ ಬಂಡೆ ಇರುವುದು ಶೆಡ್ಡಿನ ಮುಂದೆ, ನೀರಿನ ಕಡೆಗೆ. ಕಟ್ಟೆ ಇರುವುದು ಮನೆಯ ಹಿಂದೆ. ನಡುವೆ ನಾಲ್ಕು ಮನೆ ಹಿಡಿಸುವಷ್ಟು ಜಾಗ. ಕಟ್ಟೆಯ ಮೇಲಿದ್ದ ಪ್ಲಸ್ಸನ್ನು ಎಳೆದು ಮೊಳೆಯ ಜಾಗಕ್ಕೆ ತಂದು ಕೂರಿಸಿದಾಗ, ಇಡೀ ಚಿತ್ರವೇ, ಮರಳು ನೀರಿನಂಚು ಸಮೇತ, ಅಷ್ಟು ದೂರ ಸಮುದ್ರದತ್ತ ಜಾರಿತ್ತು. ಮನೆಗಳ ಗಡಿ ಮಾತ್ರ ಬೇರೆ ಇಲಾಖೆಯ ನಕ್ಷೆಯಿಂದ ಬಂದದ್ದು, ಅದು ಜಾರಿರಲಿಲ್ಲ. ಚಿತ್ರಗಳ ಸಾಲಿನ ತುದಿಯಲ್ಲಿ ಅದೊಂದೇ ಗುರುತು, ತಪ್ಪು ತೋರಿಸಿಕೊಡಲು ಪಕ್ಕದಲ್ಲಿ ಇನ್ನೊಂದಿರಲಿಲ್ಲ.

ಅಂದರೆ ಸಮುದ್ರ ನಾಲ್ಕು ಮನೆಯಷ್ಟು ಒಳಗೆ ಬಂದಿತ್ತು. ಬಂದು ಕೂತಿದ್ದ ಸಮುದ್ರವನ್ನು ತಾವು ಹಾಳೆಯ ಮೇಲೆ ಹಿಂದಕ್ಕೆ ತಳ್ಳಿದ್ದರು. ಗುಬ್ಬಿ ತನ್ನ ಕಾಲುಗಳನ್ನು ನೋಡಿಕೊಂಡಳು. ಚಪ್ಪಲಿ ಹಾಕಿಕೊಂಡ, ಒಣಗಿದ, ಕುರ್ಚಿಯ ಕೆಳಗಿನ ಕಾಲುಗಳು.

ಅವಳು ಹಾಳೆಯನ್ನು ಸಹಿಗೆ ಕಳಿಸದೆ, ಮೈ ಸರಿಯಿಲ್ಲವೆಂದು ಹೇಳಿ, ಬಸ್ ಹತ್ತಿದಳು.

ಓಣಿಯಲ್ಲಿ ಅವಳಿಗೆ ಸಿಕ್ಕ ಸ್ವಾಗತ ಅವಳನ್ನು ಇನ್ನಷ್ಟು ಕುಗ್ಗಿಸಿತು. ಎದುರುಮನೆ ಅತ್ತೆ ಬಾಗಿಲಿಂದಲೇ, "ಬಂದ್ಲಪ್ಪ ನಮ್ಮ ಗೆರೆ ಮೇಡಂ! ಬಾರೇ, ನಿನ್ನ ಕೈಗೆ ಒಂದು ಮುತ್ತು ಕೊಡ್ತೀನಿ" ಎಂದು ನಿಜಕ್ಕೂ ಕೊಟ್ಟಳು. ಅಪ್ಪ ಶೆಡ್ಡಿನ ಮುಂಭಾಗವನ್ನು ಬಿಚ್ಚಿ ಇನ್ನಷ್ಟು ಮುಂದಕ್ಕೆ ಕಟ್ಟುತ್ತಿದ್ದ. ಎರಡು ದೋಣಿ ಒಟ್ಟಿಗೆ ಹಿಡಿಸಬೇಕಂತೆ. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನಕ್ಕ. ಅಪ್ಪ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಅಜ್ಜಿ ಹಿತ್ತಲಿನ ಕಟ್ಟೆಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದಳು. ಪ್ರತಿ ಮೂಲೆಗೊಂದು ಕಲ್ಲು.

"ಅಜ್ಜಿ, ವಿಮಾನ ಬಂದ ದಿನ ಬಂಡೆ ಮೇಲೆ ಬಿಳಿ ಬಟ್ಟೆ ಹಾಸಿದ್ರಲ್ಲ..."

"ಓ ಅದಾ! ನಿಮ್ಮ ಆಫೀಸಿನೋರಿಗೆ ಬಟ್ಟೆ ಹಾಕೋಕೇ ಬರಲ್ಲ ಕಣೇ. ಅಂಥ ಒಳ್ಳೆ ಬಟ್ಟೇನ ಬಂಡೆ ಮೇಲೆ ಬಿಸಾಕಿ, ಜೀಪ್ ಹತ್ತಿ ಹೊರಟೇಹೋದ್ರು. ನೀರು ಬಂದು ಒಂದು ತುದಿ ಎಳೀತಾ ಇತ್ತು. ಇನ್ನೊಂದು ಗಳಿಗೆ ಬಿಟ್ಟಿದ್ರೆ ಸಮುದ್ರದ ಪಾಲು. ಓಡಿ ಹೋಗಿ ಎತ್ಕೊಂಡು ಬಂದೆ."

"ಎತ್ಕೊಂಡು ಬಂದು?"

"ಇಲ್ಲಿ ಹರವಿದೆ. ಹೆಂಗಿತ್ತೋ ಹಂಗೇ, ಅಡ್ಡ ಒಂದು, ಉದ್ದ ಒಂದು. ಅವರ ಲೆಕ್ಕ ತಪ್ಪಬಾರದಲ್ಲ! ಸಂಜೆ ಅವರು ಬಂದಾಗ ಉಪ್ಪು ತೊಳೆದು, ಮಡಚಿ ಕೊಟ್ಟೆ. ಒಬ್ಬ 'ಅಮ್ಮ, ಮುಂದಿನ ಸಲಾನೂ ನಿಮಗೇ ಕೊಡ್ತೀವಿ ಒಗೆಯೋಕೆ' ಅಂದ. ಪೋಕರಿ."

ಗುಬ್ಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಮೆಲ್ಲಗೆ, ಕತೆ ಹೇಳುವಂತೆಯೇ, ಮೊಳೆಯ ಸಂಗತಿಯನ್ನೂ ಚಿತ್ರ ಜಾರಿದ್ದನ್ನೂ ಹೇಳಿದಳು. ಅಜ್ಜಿಯ ಕೈ ಅರ್ಧ ಹರವಿದ ಬಟ್ಟೆಯ ಮೇಲೆ ನಿಂತಿತು.

"ಹಂಗಾದ್ರೆ ಓಣಿ ಉಳಿದದ್ದು ಸಮುದ್ರ ಬಿಟ್ಟಿದ್ದಕ್ಕಲ್ಲ. ನಾನು ಬಟ್ಟೆ ಎತ್ತಿಟ್ಟಿದ್ದಕ್ಕೆ."

"ಅಜ್ಜಿ, ನಾನು ಚಿಕ್ಕೋಳಿದ್ದಾಗ ಆ ಬಂಡೆ ಮೇಲೆ ಕೂತು ಪಾಠ ಓದ್ತಿದ್ನಲ್ಲ. ಭರತದಲ್ಲೂ ಪುಸ್ತಕ ನೆನೀತಿರಲಿಲ್ಲ."

"ಹೂಂ. ಈಗ ಅಲ್ಲಿ ಏಡಿ ಕೂತ್ಕೊಂಡು ಓದ್ತವೆ" ಎಂದಳು ಅಜ್ಜಿ. ಹೇಳಿದ ಮೇಲೆ ಅವಳಿಗೇ ನಗು ಬರಲಿಲ್ಲ.

ಗುಬ್ಬಿ ಶೆಡ್ಡಿಗೆ ಹೋದಳು. ಬಾಗಿಲಿನ ಕಂಬಕ್ಕೆ ಕೆಳಗಿಂದ ಮೊಣಕಾಲೆತ್ತರದವರೆಗೆ ಹೊಸ ಡಾಂಬರು ಬಳಿದಿತ್ತು. ಒಂದು ಕಂಬದ ಹಿಂಬದಿಗೆ ಮಾತ್ರ ಕುಂಚ ತಲುಪಿರಲಿಲ್ಲ. ಅಲ್ಲಿ ಉಪ್ಪು ಬಿಳಿಯ ಅಲೆಯಾಗಿ ಒಣಗಿತ್ತು. ಅವಳು ಬೆರಳಿಟ್ಟು ಕೆರೆದಳು.

"ಏನು ಕೆರೀತಿದ್ದೀಯ?" ಅಪ್ಪ ಸುತ್ತಿಗೆ ನಿಲ್ಲಿಸಿದ.

"ನೀರು ಒಳಗೆ ಬಂದಿತ್ತಾ ಅಪ್ಪ?"

"ಸಮುದ್ರದ ಪಕ್ಕ ಇದ್ದೀವಿ. ನೀರು ಬರದೆ ಹಾಲು ಬರುತ್ತಾ?"

ಗುಬ್ಬಿ ಎಲ್ಲವನ್ನೂ ಹೇಳಿದಳು. ಅಪ್ಪ ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿಕೊಂಡ.

"ವಿಮಾನ ನೋಡಿ ಹೇಳಿದೆ. ನೀನು ಎಳೆದಿದ್ದೀಯ. ಸಾಹೇಬರು ಸಹಿ ಹಾಕ್ತಾರೆ. ಇದರಲ್ಲಿ ಅಜ್ಜಿ ಬಟ್ಟೆ ಯಾಕೆ ಬಂತು?"

"ಗೆರೆ ಸುಳ್ಳು ಅಪ್ಪ."

"ಸುಳ್ಳೋ ನಿಜವೋ, ಆ ಗೆರೆ ಒಳಗೆ ನನ್ನ ಶೆಡ್ಡು ಇದೆ. ಮೇಲಿನ ನೆಲಕ್ಕೆ ಹೋಗಿ ನಾನೇನು ಮಾಡ್ಲಿ? ದೋಣಿ ರಿಪೇರಿ ಮಾಡೋನ ಹತ್ರ ದೋಣಿ ಬರಬೇಕು. ಗುಡ್ಡ ಹತ್ತಿಸ್ಕೊಂಡು ಬರ್ತಾರಾ, ಕಂಕುಳಲ್ಲಿ ಇಟ್ಕೊಂಡು?"

"ದೊಡ್ಡ ಅಲೆಗಳ ಕಾಲ ಬಂದ್ರೆ? ಅಜ್ಜಿ ಮಲಗೋದು ಇದರ ಹಿಂದಿನ ಕೋಣೇಲಿ."

ಅಪ್ಪ ಮುಖ ಗಂಟಿಕ್ಕಿದ. "ಆ ಮುದುಕಿ ಕತೆ ಹೇಳಿ ಹೇಳಿ ನಿನ್ನ ತಲೆ ಕೆಡಿಸಿಟ್ಟಳು. ಹೋಗು. ಹೇಳೋದಾದ್ರೆ ಹೇಳ್ಕೋ ಹೋಗು." ಮತ್ತೆ ಒಂದೊಂದಾಗಿ ಮೊಳೆಗಳನ್ನು ಬಾಯಿಗೆ ಹಾಕಿಕೊಂಡ. ಅವಳು ಬಸ್ ಹತ್ತುವವರೆಗೆ ಸುತ್ತಿಗೆ ಓಣಿಯ ತುದಿಯವರೆಗೂ ಕೇಳಿಸುತ್ತಿತ್ತು.

ಕಚೇರಿಯಲ್ಲಿ ಸಾಹೇಬರು ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದರು. ಒಳ್ಳೆಯ ಮನುಷ್ಯ, ಆದರೆ ಕಡತ ಹಿಂದಕ್ಕೆ ಬಂದರೆ ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಳ್ಳುತ್ತಿದ್ದರು. ಗುಬ್ಬಿಯ ಮಾತು ಮುಗಿಯುವಷ್ಟರಲ್ಲಿ ಎರಡೂ ಕೆನ್ನೆ ಹಿಡಿದಿದ್ದರು.

"ಅಜ್ಜಿ ಎತ್ತಿಟ್ಟರು ಅಂತ ನಾನು ಮೇಲಿನವರಿಗೆ ಬರೀಲಾ?"

"ಬರೀರಿ ಸರ್."

ಗಣಿತದಕ್ಕ ಚಿತ್ರದ ಮೇಲೆ ಬಗ್ಗಿದವಳು ಏಳಲೇ ಇಲ್ಲ. ಅವಳ ಕಿವಿ ಕೆಂಪಾಗಿತ್ತು. "ಲೆಕ್ಕ ಸರಿಯಾಗೇ ಇದೆ ಸರ್" ಎಂದಳು ಕೊನೆಗೆ. "ಸರಿಯಾಗಿ ಲೆಕ್ಕ ಹಾಕಿ ತಪ್ಪು ಜಾಗಕ್ಕೆ ಹೋಗಿದ್ದೀನಿ. ಇಷ್ಟು ನಿಖರವಾಗಿ ಯಾರೂ ದಾರಿ ತಪ್ಪಿರಲಾರರು."

"ಆ ಗುರುತನ್ನ ಬಿಟ್ಟು ಮಾಡೋಕಾಗಲ್ವಾ?" ಎಂದರು ಸಾಹೇಬರು.

"ತುದೀಲಿ ಅದೊಂದೇ ಇರೋದು. ಬಿಟ್ರೆ ಚಿತ್ರ ಗಾಳಿಪಟ."

ಸಾಹೇಬರು ಕಿಟಕಿಯತ್ತ, ಅಂದರೆ ಬಸ್ ಡಿಪೋದತ್ತ, ನೋಡುತ್ತ ಕೂತರು. "ಮತ್ತೆ ವಿಮಾನ ಹಾರಿಸೋದು ಅಂದ್ರೆ ಬಸ್ಸಿಗೆ ಕೈ ತೋರಿಸಿದ ಹಾಗಲ್ಲಮ್ಮ. ಬೇರೆ ತೀರಕ್ಕೆ ಹೋಗೋವಾಗ ದಾರೀಲಿ ಒಂದು ಸಲ ಹಾಯಿಸಿ ಅಂತ ಬೇಡ್ಕೋಬಹುದು. ಒಂದೇ ಸಲ. ತುಂಬು ಭರತ ಇರಬೇಕು, ಮೋಡ ಇರಬಾರದು, ಬಟ್ಟೆ ಮೊಳೆ ಮೇಲೇ ಇರಬೇಕು. ಯಾವುದಾದ್ರೂ ಕೈಕೊಟ್ರೆ ಅಲೆಗಳ ಕಾಲ ಮುಗಿಯೋವರೆಗೆ ವಿಮಾನ ಇಲ್ಲ. ಅಲ್ಲೀವರೆಗೆ ಹಳೆ ನಕ್ಷೆಯೇ ಕಾನೂನು. ಒಂದು ಮನೇನೂ ಸಾಗಿಸೋಕೆ ನನಗೆ ಅಧಿಕಾರ ಇಲ್ಲ."

"ಬಟ್ಟೆ ನಾನು ನೋಡ್ಕೋತೀನಿ ಸರ್."

ಅವರು ಕೆನ್ನೆಯಿಂದ ಕೈ ತೆಗೆದರು. "ಸರಿಯಾದ ಗೆರೆ ಬಂದ್ರೆ ನಿಮ್ಮ ಮನೆ ಯಾವ ಕಡೆ ಬೀಳುತ್ತೆ, ಗೊತ್ತು ತಾನೆ?"

"ಗೊತ್ತು ಸರ್."

ಅವರು ಪೆನ್ನಿನ ಮುಚ್ಚಳ ಹಾಕಿದರು.

ವಿಮಾನ ಬರುವ ಬೆಳಿಗ್ಗೆ ಆಕಾಶ ಹಳೆಯ ಹಾಸಿಗೆಯಂತೆ ಅಲ್ಲಲ್ಲಿ ಹರಿದು, ಹತ್ತಿಯಂಥ ಮೋಡ ಹೊರಗೆ ಬಂದಿತ್ತು. ಗುಬ್ಬಿ ಬಟ್ಟೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಓಣಿಯಲ್ಲಿ ನಡೆದಾಗ ಬಾಗಿಲುಗಳಲ್ಲಿ ಜನ ನಿಂತಿದ್ದರು. ಮುತ್ತು ಕೊಟ್ಟಿದ್ದ ಎದುರುಮನೆ ಅತ್ತೆ, ಯಾರಿಗೂ ಅಲ್ಲವೆಂಬಂತೆ, "ಎತ್ತಿ ಆಡಿಸಿದ ಕೈ ಇದು. ಅದೇ ಮಗು ಈಗ ನಮ್ಮನ್ನ ಎತ್ತಿ ಗುಡ್ಡಕ್ಕೆ ಎಸೆಯೋಕೆ ಬಂದಿದೆ" ಎಂದಳು. ಗುಬ್ಬಿಗೆ ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬಂಡೆಯ ಹತ್ತಿರ ಅವಳು ಚಪ್ಪಲಿ ಬಿಟ್ಟು, ಪ್ಯಾಂಟಿನ ಕಾಲು ಮಡಚಿ ನೀರಿಗಿಳಿದಳು. ತಣ್ಣಗಿತ್ತು. ಹಿತ್ತಾಳೆಯ ಮೊಳೆ ಪಾಚಿಯ ಕೆಳಗೆ ಅಡಗಿತ್ತು. ಉಗುರಿನಿಂದ ಕೆರೆದಾಗ ಮಂಕಾಗಿ ಹೊಳೆಯಿತು. ಅದರ ಮೇಲೆ ಬಟ್ಟೆ ಹಾಸಿ, ತುದಿಗಳಿಗೆ ಕಲ್ಲು ಹೇರಿದಳು. ನೀರು ಬಂದು ಒಂದು ತುದಿಯನ್ನು ಸಲೀಸಾಗಿ ಎತ್ತಿ, ಕಲ್ಲನ್ನು ಪಕ್ಕಕ್ಕೆ ಉರುಳಿಸಿತು. ಅವಳು ಅದನ್ನು ಸರಿಮಾಡುವಾಗ ಇನ್ನೊಂದು ತುದಿ ಎದ್ದಿತು. ಅಲ್ಲಿಗೆ ಓಡಿದರೆ ಮೊದಲನೆಯದು. ಭರತ ಏರುತ್ತಲೇ ಇತ್ತು. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಎದ್ದು ನಿಂತು, "ನಾನು ಬರ್ತೀನಿ ತಡಿಯೇ!" ಎಂದು ಕೂಗಿದಳು. "ನೀನು ಬರಬೇಡ, ಇನ್ನೊಂದು ಸಲ ಬಟ್ಟೆ ಮುಟ್ಟಬೇಡ!" ಎಂದು ಗುಬ್ಬಿ ಕಿರುಚಿದಳು. ಒಂದು ಅಲೆ ಬಂದು ಬಟ್ಟೆಯ ಉದ್ದನೆಯ ತೋಳನ್ನು ಪೂರ್ತಿ ಸುತ್ತಿ ಅವಳ ಕಾಲಿಗೇ ತೊಡಿಸಿತು. ಅವಳು ಮಂಡಿಯೂರಿ ಬಿದ್ದಳು. ದೂರದಲ್ಲಿ, ಮೋಡದ ಆಚೆ, ಸಣ್ಣಗೆ ಗುಂಯ್‌ಗುಡುವ ಸದ್ದು ಶುರುವಾಯಿತು.

"ಹಿಂಗಾ ಬಿಗಿಯೋದು? ಯಾರು ಕಲಿಸಿದ್ದು ನಿನಗೆ?"

ಅಪ್ಪ. ಹೆಗಲಿಗೆ ಹಗ್ಗದ ಸುರುಳಿ, ಸೊಂಟದಲ್ಲಿ ಸುತ್ತಿಗೆ, ಬಾಯಲ್ಲಿ ಮೊಳೆ. ಅವಳ ಮುಖ ನೋಡದೆ ನೇರವಾಗಿ ನೀರಿಗಿಳಿದ. ಬಂಡೆಯ ಬಿರುಕು ಹುಡುಕಿ, ದೋಣಿಯ ಹಲಗೆಗೆ ಹೊಡೆಯುವ ದಪ್ಪ ಮೊಳೆಗಳನ್ನು ಬಡಿದ. ಬಟ್ಟೆಯ ತುದಿಗಳಿಗೆ ಗಂಟು ಹಾಕಿ ಹಗ್ಗ ಎಳೆದು ಕಟ್ಟಿದ. ಬಿರುಕು ಸಿಗದ ಒಂದು ತುದಿಯ ಮೇಲೆ ತಾನೇ ಮಂಡಿಯೂರಿ ಕೂತ.

"ಇನ್ನೊಂದು ತುದಿ ನೀನು ಒತ್ತು. ಕೈಯಲ್ಲಲ್ಲ, ಕಾಲಲ್ಲಿ."

ಗುಬ್ಬಿ ತುದಿಯ ಮೇಲೆ ಎರಡು ಕಾಲೂರಿ ನಿಂತಳು. ನೀರು ಅವಳ ಪಾದಗಳ ಮೇಲೆ ಹರಿದು ಹೋಯಿತು.

"ಅಪ್ಪ..."

"ಸುಮ್ನಿರು. ದೋಣಿ ಸೋರುತ್ತೆ ಅಂತ ಗೊತ್ತಿದ್ದೂ ಬಣ್ಣ ಬಳಿದು ಕಳಿಸಿದೋನಲ್ಲ ನಾನು. ಯಾರ ದೋಣೀನೂ ಹಂಗೆ ಕಳಿಸಿಲ್ಲ." ಶೆಡ್ಡಿನ ಕರಿ ಕಂಬದತ್ತ ಗಲ್ಲ ತಿರುಗಿಸಿದ. "ಮನೆಗೆ ಮಾತ್ರ ಬಳಿದುಬಿಟ್ಟೆ."

ಸದ್ದು ಹತ್ತಿರವಾಯಿತು. ಒಂದು ಮೋಡ ಬಂಡೆಯ ಮೇಲೆ ನೆರಳು ಚೆಲ್ಲುತ್ತ ಸಾಗುತ್ತಿತ್ತು, ಮುದುಕಿ ಬೀದಿ ದಾಟುವಷ್ಟು ನಿಧಾನವಾಗಿ. "ಹೋಗಪ್ಪ, ಹೋಗೋ" ಎಂದು ಗುಬ್ಬಿ ಅದನ್ನು ಬೇಡಿಕೊಂಡಳು. ನೆರಳಿನ ಅಂಚು ಅಪ್ಪನ ಬೆನ್ನಿನಿಂದ ಜಾರಿ, ನೀರಿನ ಮೇಲೆ ಓಡಿತು. ಬಟ್ಟೆ ಕಣ್ಣು ಕುಕ್ಕುವಂತೆ ಬೆಳಗಿತು. ಅದೇ ಹೊತ್ತಿಗೆ ವಿಮಾನ ತಲೆಯ ಮೇಲೆ ಹಾದುಹೋಯಿತು. ಅಪ್ಪ ಮೇಲೆ ನೋಡಲಿಲ್ಲ. ಸದ್ದು ಪೂರ್ತಿ ಕರಗುವವರೆಗೂ ತುದಿಯ ಮೇಲಿಂದ ಮಂಡಿ ಎತ್ತಲಿಲ್ಲ.

ಆಮೇಲೆ ಅವನು ಎದ್ದು, ಬಡಿದ ಮೊಳೆಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡು, ಶೆಡ್ಡಿಗೆ ಹೋದ. ಹೊಸದಾಗಿ ಕಟ್ಟಿದ ಮುಂಭಾಗದ ಎದುರು ನಿಂತು, ಎಲ್ಲಿಂದ ಬಿಚ್ಚಲು ಶುರುಮಾಡಬೇಕೆಂದು ತಿಳಿಯದವನಂತೆ ಬಹಳ ಹೊತ್ತು ನೋಡಿದ. ಗುಬ್ಬಿ ಒದ್ದೆ ಬಟ್ಟೆಯನ್ನು ಅಜ್ಜಿಗೆ ಕೊಟ್ಟಳು. ಅಜ್ಜಿ ಅದನ್ನು ಒಗೆಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಹೊಸ ಚಿತ್ರಗಳು ಬಂದ ದಿನ ಗಣಿತದಕ್ಕ ಲೆಕ್ಕವನ್ನು ಮೂರು ದಾರಿಯಿಂದ ಮಾಡಿ ಮೂರನ್ನೂ ಹೊಂದಿಸಿದ ಮೇಲೆಯೇ ಹಾಳೆಯನ್ನು ಗುಬ್ಬಿಯ ಮೇಜಿಗೆ ಬಿಟ್ಟಳು. "ಈ ಸಲ ಬಟ್ಟೆ ಮೊಳೆಯ ಮೇಲೇ ಇದೆ. ಎಳಿ" ಎಂದಳು. ತನ್ನ ಕುರ್ಚಿಗೆ ಹೋಗದೆ ಪಕ್ಕದಲ್ಲೇ ನಿಂತಳು. ಸಾಹೇಬರೂ ಬಾಗಿಲಲ್ಲಿ ನಿಂತಿದ್ದರು, ಈ ಸಲ ಕೆನ್ನೆ ಹಿಡಿಯದೆ.

ಗುಬ್ಬಿ ಜೋಡಿಗಾಜಿಗೆ ಕಣ್ಣಿಟ್ಟಳು. ಎರಡು ಓಣಿಗಳು ತೇಲಿ, ಅಲುಗಿ, ಒಂದಾದವು. ತಗಡು ಎದ್ದಿತು, ಮನೆ ಎದ್ದಿತು, ಡ್ರಮ್ಮು ಎದ್ದಿತು. ಕಟ್ಟೆಯ ಮೇಲೆ ಒಂದು ಬಿಂದು, ಕಡ್ಡಿಯಷ್ಟು ನೆರಳಿನೊಂದಿಗೆ: ಅಜ್ಜಿ, ಎದ್ದು ನಿಂತೇ ಇದ್ದಳು. ಬಂಡೆಯ ಮೇಲೆ ಬಿಳಿ ಪ್ಲಸ್ಸು. ಅದರ ಒಂದು ತುದಿಯಲ್ಲಿ ನೆಲಕ್ಕಂಟಿದ ಕಪ್ಪು ಉಂಡೆ, ಮಂಡಿಯೂರಿದ ಅಪ್ಪ. ಇನ್ನೊಂದು ತುದಿಯಲ್ಲಿ ನೆಟ್ಟಗೆ ನಿಂತ ಒಂದು ಕೂದಲೆಳೆ. ನೀರಿನ ಬಿಳಿ ನೊರೆ ಇಬ್ಬರನ್ನೂ ಸುತ್ತಿ, ಶೆಡ್ಡಿನ ಹೊಸ ಕಂಬಗಳವರೆಗೆ ಹೋಗಿ, ಅಲ್ಲಿ ಸುಸ್ತಾಗಿ ನಿಂತಿತ್ತು.

ಇವತ್ತಿಗೆ ಇಲ್ಲೀವರೆಗೆ.

ಅವಳು ಚಪ್ಪಲಿ ಕಳಚಿದಳು. ಗಣಿತದಕ್ಕ ನೋಡಿದಳು. ಗುಬ್ಬಿ ಪೆನ್ನನ್ನು ಹಾಳೆಯ ಎಡತುದಿಯಲ್ಲಿ ಊರಿ, ಅಂಚು ಹಿಡಿದು ಹೊರಟಳು. ಮರಳು ದಾಟಿತು, ಒಡೆದ ಮೆಟ್ಟಿಲು ದಾಟಿತು. ಶೆಡ್ಡಿನ ಹತ್ತಿರ ಬಂದಾಗ ಕೈ ಒಂದು ಕ್ಷಣ ತಡೆಯಿತು. ಆ ಕಡೆಗೆ ಬಿದ್ದರೆ ಏನೇನು ಬೀಳುತ್ತದೆಂದು ಅವಳಿಗೆ ಒಂದೊಂದು ಹಲಗೆ ಸಮೇತ ಗೊತ್ತಿತ್ತು. ಶಾಯಿ ಗುಡ್ಡೆಯಾಗುವ ಮುನ್ನ ಕೈ ಮುಂದೆ ಹೋಯಿತು. ಕಪ್ಪು ಗೆರೆ ಶೆಡ್ಡಿನ ಮುಂಭಾಗವನ್ನು ಸೀಳಿ, ಅಪ್ಪನ ಬೆನ್ನ ಹಿಂದಿನಿಂದ, ಅವಳ ಬೆನ್ನ ಹಿಂದಿನಿಂದ, ಇಬ್ಬರನ್ನೂ ನೀರಿನಲ್ಲೇ ಬಿಟ್ಟು, ಓಣಿಯ ಇನ್ನೊಂದು ತುದಿಗೆ ಮುಟ್ಟಿತು. ಅಲ್ಲಿ ಅವಳು ಪೆನ್ನು ಎತ್ತಿದಳು.